ನಮ್ಮ ವಿವರ ತಿದ್ದುವ ಅಧಿಕಾರ ಯಾರದು?

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



"ನೀವು ಆಫೀಸಿನಲ್ಲಿ ಮಾಡುವ ಕೆಲಸ ಏನೆಂದು ನಮಗೆ ಅರ್ಥವಾಗುವ ಹಾಗೆ ಹೇಳಿ" ಎಂದು ನನ್ನನ್ನು ಕೇಳಿದ್ದಾರೆ. ತುರ್ಭೆಯ ಎಂಐಡಿಸಿ ಪ್ರದೇಶದ ಒಂದು ಕಂಪನಿಯಲ್ಲಿ ನನಗೆ ಸಾಫ್ಟ್‌ವೇರ್ ಕೆಲಸ. ಇತ್ತೀಚೆಗೆ ನಮ್ಮ ತಂಡ ಮಾಡಿದ್ದು ಹೊರಗಿನವರಿಗೆ ತೀರ ಸಣ್ಣದಾಗಿ ಕಾಣುವ ಕೆಲಸ. ಕಂಪನಿಯ ಇಂಟ್ರಾನೆಟ್‌ನಲ್ಲಿ, ಅಂದರೆ ಒಳಗಿನವರಿಗಷ್ಟೇ ತೆರೆದುಕೊಳ್ಳುವ ಜಾಲತಾಣದಲ್ಲಿ, ಪ್ರತಿಯೊಬ್ಬ ಉದ್ಯೋಗಿಗೂ ಒಂದು ಪ್ರೊಫೈಲ್ ಪುಟ ಇರುತ್ತದೆ. ಹೆಸರು, ಫೋಟೋ, ವಿಭಾಗ, ಫೋನ್, ವಿಳಾಸ, ರಕ್ತದ ಗುಂಪು, ತುರ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು, ಹೀಗೆ. ಆ ಪುಟವನ್ನು ಉದ್ಯೋಗಿಯೇ ತಿದ್ದಿಕೊಳ್ಳುವ ವ್ಯವಸ್ಥೆ ಕಟ್ಟುವುದು ನಮ್ಮ ಪಾಲಿಗೆ ಬಂತು.

"ಇದಕ್ಕೆ ಎಂಟೆಕ್ ಬೇಕಾ?" ಎಂದು ನಮ್ಮ ಮನೆಯಲ್ಲೇ ಕೇಳಿದರು. ನಾಲ್ಕು ಖಾನೆ, ಒಂದು ಸೇವ್ ಬಟನ್, ಅಷ್ಟೇ ಅಲ್ಲವೇ? ಆ ಒಂದೊಂದು ಖಾನೆಯ ಹಿಂದೆಯೂ ಒಂದು ಪ್ರಶ್ನೆ ಇದೆ. ನನ್ನ ಬಗ್ಗೆ ಬರೆದಿರುವ ಮಾತನ್ನು ಬದಲಿಸುವ ಅಧಿಕಾರ ಯಾರಿಗಿದೆ? ಹೆಂಗಸರಾದ ನಮಗೆ ಈ ಪ್ರಶ್ನೆ ಗಂಡಸರಿಗಿಂತ ಹೆಚ್ಚು ಸಲ ಎದುರಾಗುತ್ತದೆ. ಏಕೆಂದರೆ ಜೀವನದ ನಡುವೆ ಹೆಸರು, ವಿಳಾಸ, ನಾಮಿನಿ ಎಲ್ಲವೂ ಬದಲಾಗುವುದು ಬಹುಪಾಲು ನಮ್ಮದೇ.

ಮೊದಲು ಹೆಸರಿನಿಂದಲೇ ಶುರು ಮಾಡೋಣ.

ತುರ್ಭೆ ಎಂಥ ಜಾಗ ಎಂದು ನಿಮಗೆ ಗೊತ್ತು. ಒಂದು ಕಡೆ ಎಪಿಎಂಸಿಯ ಈರುಳ್ಳಿ, ಮಸಾಲೆ, ಹಣ್ಣಿನ ಲಾರಿಗಳು, ಇನ್ನೊಂದು ಕಡೆ ಠಾಣೆ ಖಾಡಿಯ ಈಚೆಯ ಕಾರ್ಖಾನೆಗಳು. 2004ರಲ್ಲಿ ಠಾಣೆಗೂ ವಾಶಿಗೂ ನಡುವೆ ಟ್ರಾನ್ಸ್ ಹಾರ್ಬರ್ ರೈಲು ಓಡಲು ಶುರುವಾದ ಮೇಲೆ ಕಲ್ಯಾಣ್, ಡೊಂಬಿವಲಿ ಕಡೆಯವರು ಕುರ್ಲಾ ಸುತ್ತದೆ ಇಲ್ಲಿಗೆ ಬರುವಂತಾಯಿತು. ಹಾಗಾಗಿ ನಮ್ಮ ಒಂದೇ ಕಚೇರಿಯಲ್ಲಿ ಹತ್ತು ರೀತಿಯ ಹೆಸರುಗಳಿವೆ. ಮರಾಠಿಯವರದ್ದು ತಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು. ನಮ್ಮ ಉತ್ತರ ಕರ್ನಾಟಕದವರದ್ದೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಹಳೇ ಮೈಸೂರಿನ ಕಡೆಯವರು ಊರಿನ ಮೊದಲ ಅಕ್ಷರ, ತಂದೆಯ ಮೊದಲ ಅಕ್ಷರ, ಆಮೇಲೆ ತಮ್ಮ ಹೆಸರು. ಎಚ್. ಎನ್. ಸುಮಾ ಎಂಬ ಒಬ್ಬಾಕೆ ಇದ್ದಾಳೆ ಎಂದಿಟ್ಟುಕೊಳ್ಳಿ. ಎಚ್ ಎಂದರೆ ಹಾಸನ, ಎನ್ ಎಂದರೆ ನಾರಾಯಣ. ಫಸ್ಟ್ ನೇಮ್, ಮಿಡ್ಲ್ ನೇಮ್, ಲಾಸ್ಟ್ ನೇಮ್ ಎಂಬ ಮೂರು ಖಾನೆಗಳಿಗೆ ಈ ಹೆಸರನ್ನು ಹಾಗೆಯೇ ಸುರಿದರೆ ಸುಮಾ ಅಡ್ಡಹೆಸರಾಗುತ್ತಾಳೆ, ಹಾಸನ ಹುಡುಗಿಯ ಹೆಸರಾಗುತ್ತದೆ. ಆಮೇಲೆ ಬರುವ ಪ್ರತಿ ಮಿಂಚಂಚೆಯೂ "ಡಿಯರ್ ಎಚ್" ಎಂದೇ ಶುರು!

ನಗು ಬರುತ್ತದೆ ನಿಜ. ಆದರೆ ಇದು ಯಾರದೋ ಉಡಾಫೆಯಿಂದ ಆದದ್ದಲ್ಲ. ಕಂಪನಿಗಳ ವಿಳಾಸಪುಸ್ತಕಕ್ಕೆ ಜಗತ್ತೆಲ್ಲ ಬಳಸುವ ಎಲ್‌ಡಿಎಪಿ ಎಂಬ ಒಂದು ಮಾನದಂಡ ಇದೆ. ಅದರಲ್ಲಿ 'ವ್ಯಕ್ತಿ' ಎಂದು ಒಬ್ಬರನ್ನು ದಾಖಲಿಸಬೇಕಾದರೆ ಎರಡು ಸಂಗತಿ ಕಡ್ಡಾಯ. ಒಂದು, ಅವರನ್ನು ಕರೆಯುವ ಹೆಸರು. ಇನ್ನೊಂದು, ಸರ್‌ನೇಮ್. ಅಡ್ಡಹೆಸರೇ ಇಲ್ಲದ ಕೋಟ್ಯಂತರ ಜನ ಜಗತ್ತಿನಲ್ಲಿದ್ದಾರೆ ಎಂಬುದು ಆ ಮಾನದಂಡದ ಲೆಕ್ಕಕ್ಕೆ ಬರಲಿಲ್ಲ. ಇದರ ಬಿಸಿ ದೊಡ್ಡ ಮಟ್ಟದಲ್ಲೂ ತಟ್ಟುತ್ತದೆ. 2022ರ ನವೆಂಬರಿನಲ್ಲಿ ಯುಎಇ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ ಎಂದಾಗ ನಮ್ಮ ದಕ್ಷಿಣದ ಎಷ್ಟೋ ಮನೆಗಳಲ್ಲಿ ಗಾಬರಿಯಾಗಿತ್ತು.

ಇನ್ನು ನಾವಿರುವ ಮಹಾರಾಷ್ಟ್ರವನ್ನೇ ನೋಡಿ. 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕೆಂದು ರಾಜ್ಯ ಸರಕಾರ ತೀರ್ಮಾನಿಸಿದೆ. ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಆ ಮಕ್ಕಳಿಗೆ 2042ರಲ್ಲಿ 18 ವರ್ಷ ತುಂಬಿ ಅವರು ಕೆಲಸಕ್ಕೆ ಬರುವಾಗ ನಮ್ಮ ಮೂರು ಖಾನೆಯ ಫಾರ್ಮುಗಳು ನಾಲ್ಕನೆಯ ಹೆಸರನ್ನು ಎಲ್ಲಿ ಇಟ್ಟುಕೊಳ್ಳುತ್ತವೆ?

ಅದಕ್ಕೆ ನಾವು ಹೆಸರನ್ನು ತುಂಡು ಮಾಡುವುದನ್ನು ಬಿಟ್ಟೆವು. ಒಂದು ಖಾನೆ, ದಾಖಲೆಯಲ್ಲಿರುವ ಪೂರ್ತಿ ಹೆಸರಿಗೆ, ದಾಖಲೆಯಲ್ಲಿ ಇರುವಂತೆಯೇ. ಇನ್ನೊಂದು ಖಾನೆ, "ನಿಮ್ಮನ್ನು ಹೇಗೆ ಕರೆಯಬೇಕು?" ಎಂಬುದಕ್ಕೆ. ಮೊದಲನೆಯದನ್ನು ಬದಲಿಸಲು ಕಾಗದಪತ್ರ ಬೇಕು. ಎರಡನೆಯದನ್ನು ಬದಲಿಸಲು ಯಾರ ಅಪ್ಪಣೆಯೂ ಬೇಡ. ವಿಳಾಸಪುಸ್ತಕ ಅಡ್ಡಹೆಸರು ಕೇಳಿದರೆ ಏನು ಕೊಡಬೇಕೆಂಬುದನ್ನು ಉದ್ಯೋಗಿಯನ್ನೇ ಕೇಳುತ್ತೇವೆ, ಯಂತ್ರ ತಾನಾಗಿ ಊಹಿಸುವುದಿಲ್ಲ. ಮದುವೆಯಾದ ಮೇಲೆ ಹೆಸರು ಬದಲಿಸಿದವರೂ, ಬದಲಿಸದವರೂ, ಬದಲಿಸಿ ಮತ್ತೆ ತವರಿನ ಹೆಸರಿಗೆ ಬಂದವರೂ ಈ ಎರಡು ಖಾನೆಗಳಲ್ಲಿ ನೆಮ್ಮದಿಯಾಗಿ ಕುಳಿತರು. ಒಳಗೆ ಅವರನ್ನು ಗುರುತಿಸುವುದು ಉದ್ಯೋಗಿ ಸಂಖ್ಯೆ. ಹಾಗಾಗಿ ಹೆಸರು ಬದಲಾದರೆ ಹಳೆಯ ಸೇವೆ, ರಜೆ, ಬಡ್ತಿಯ ಲೆಕ್ಕ ಯಾವುದೂ ಕಳಚಿಹೋಗುವುದಿಲ್ಲ.

ಹೆಸರನ್ನು ಕನ್ನಡದಲ್ಲೋ ಮರಾಠಿಯಲ್ಲೋ ಬರೆಯಲು ಒಂದು ಖಾನೆ ಇಡೋಣ ಎಂದಾಗ ಇನ್ನೊಂದು ತಮಾಷೆ ಎದುರಾಯಿತು. ಹೆಸರಿನಲ್ಲಿ ಅಂಕಿ, ಚಿಹ್ನೆ ನುಗ್ಗದಂತೆ "ಅಕ್ಷರಗಳಿಗೆ ಮಾತ್ರ ಪ್ರವೇಶ" ಎಂಬ ಕಾವಲು ಹಾಕುವುದು ನಮ್ಮ ವೃತ್ತಿಯ ರೂಢಿ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ ಗುಣಿತದ ಚಿಹ್ನೆಗಳೂ ಒತ್ತಕ್ಷರ ಮಾಡುವ ಹಲಂತವೂ 'ಅಕ್ಷರ'ಗಳಲ್ಲ, ಅವು ಬೇರೆ ವರ್ಗ. ಹಾಗಾಗಿ ಆ ಕಾವಲುಗಾರ ಕಮಲಳನ್ನು ಒಳಗೆ ಬಿಡುತ್ತಾನೆ, ಗೀತಾಳನ್ನು ಬಾಗಿಲಲ್ಲೇ ನಿಲ್ಲಿಸುತ್ತಾನೆ! ಉದ್ದದ ಮಿತಿಯೂ ಹಾಗೆಯೇ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ನಮ್ಮ ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ 'ಕೃಷ್ಣ' ಒಳಗೆ ಐದು ಚಿಹ್ನೆ, 15 ಬೈಟ್. ಇದನ್ನು ತಿಳಿಯದೆ ಅಳತೆ ಹಾಕಿದರೆ ಉದ್ದದ ಹೆಸರುಗಳ ಬಾಲ ಕತ್ತರಿಸಿಹೋಗುತ್ತದೆ. ಇಂಥ ಕಡೆ ಕನ್ನಡ ಬಲ್ಲವರೊಬ್ಬರು ತಂಡದಲ್ಲಿರುವುದರಿಂದ ಉಪಯೋಗವಿದೆ ಎಂದು ನನಗೆ ಹೆಮ್ಮೆಯಾಯಿತು.

ಈಗ ಯಾವುದನ್ನು ಯಾರು ತಿದ್ದಬಹುದು ಎಂಬ ವಿಚಾರಕ್ಕೆ ಬರುತ್ತೇನೆ. ಮೊದಲಿದ್ದ ಪದ್ಧತಿಯಲ್ಲಿ ಎಲ್ಲದಕ್ಕೂ ಎಚ್‌ಆರ್ ವಿಭಾಗಕ್ಕೆ ಪತ್ರ ಬರೆಯಬೇಕಿತ್ತು. ಇಂಟ್ರಾನೆಟ್ ಪುಟದಲ್ಲಿ ತಿದ್ದಲು ಬರುತ್ತಿದ್ದ ಕೆಲವು ಖಾನೆಗಳದ್ದು ವಿಚಿತ್ರ ಕತೆ. ಬೆಳಿಗ್ಗೆ ತಿದ್ದಿದ್ದು ಮರುದಿನ ಮಾಯ! ಕಾರಣ ಇಷ್ಟೇ. ನಮ್ಮ ವಿವರದ ಮೂಲ ಪ್ರತಿ ಎಚ್‌ಆರ್‌ನ ದಾಖಲೆಯಲ್ಲಿರುತ್ತದೆ. ರಾತ್ರಿ ಹೊತ್ತು ಅಲ್ಲಿಂದ ಹೊಸ ನಕಲು ಇಂಟ್ರಾನೆಟ್‌ಗೆ ಹರಿದು ಬರುತ್ತದೆ. ನಕಲಿನಲ್ಲಿ ನಾವು ತಿದ್ದಿದರೆ ಮೂಲ ಬಂದು ಅದನ್ನು ಅಳಿಸಿಹಾಕುತ್ತದೆ. ಅದಕ್ಕಾಗಿಯೇ ಸಿದ್ಧ ಸಾಫ್ಟ್‌ವೇರಿನ ಪುಟ ಸಾಲದೆ, ತಿದ್ದುಪಡಿ ನೇರ ಮೂಲಕ್ಕೇ ತಲುಪುವ ನಮ್ಮದೇ ವ್ಯವಸ್ಥೆ ಬೇಕಾಯಿತು.

ಖಾನೆಗಳನ್ನು ನಾವು ಮೂರು ಗುಂಪು ಮಾಡಿದೆವು. ಒಂದು, ನನ್ನದೇ ಮಾತು: ಕರೆಯುವ ಹೆಸರು, ಫೋಟೋ, ಈಗಿನ ವಿಳಾಸ, ತುರ್ತು ಸಂಪರ್ಕ. ಇಲ್ಲಿ ಬರೆದ ಕೂಡಲೇ ಬದಲಾಗುತ್ತದೆ. ಎರಡು, ಸಾಕ್ಷಿ ಬೇಕಾದ ಮಾತು: ದಾಖಲೆಯ ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆ. ಇಲ್ಲಿ ನಾನು ಕೋರಬಹುದು, ಇನ್ನೊಬ್ಬರು ನೋಡಿ ಒಪ್ಪಬೇಕು, ಎಷ್ಟು ದಿನದಲ್ಲಿ ಒಪ್ಪಬೇಕು ಎಂಬ ಗಡುವೂ ಇರಬೇಕು. ಮೂರು, ಕಂಪನಿಯ ಮಾತು: ಹುದ್ದೆ, ಸಂಬಳದ ಶ್ರೇಣಿ. ಇದನ್ನು ನಾನು ನೋಡಬಹುದು, ತಿದ್ದಲಾರೆ. ತಪ್ಪಿದ್ದರೆ ಯಾರನ್ನು ಕೇಳಬೇಕು ಎಂಬುದು ಅಲ್ಲೇ ಬರೆದಿರಬೇಕು.

ಬ್ಯಾಂಕ್ ಖಾತೆಯನ್ನು ಏಕೆ ಮೊದಲ ಗುಂಪಿಗೆ ಹಾಕಲಿಲ್ಲ ಎಂದು ಕೆಲವರು ಕೇಳಿದರು. ಪಾಸ್‌ವರ್ಡ್ ಕದ್ದವರು ಸಂಬಳಕ್ಕೆ ಎರಡು ದಿನ ಮುಂಚೆ ಖಾತೆ ಸಂಖ್ಯೆ ಬದಲಿಸಿ ದುಡ್ಡು ಹೊಡೆಯುವ ಮೋಸ ಜಗತ್ತಿನಲ್ಲೆಲ್ಲ ನಡೆಯುತ್ತಿದೆ. ಅದಕ್ಕೇ ಅಂಥ ಬದಲಾವಣೆಯಾದರೆ ಹಳೆಯ ಮೊಬೈಲಿಗೂ ಸಂದೇಶ ಹೋಗಬೇಕು, ಯಾರು, ಯಾವಾಗ, ಏನನ್ನು ಏನಾಗಿ ಬದಲಿಸಿದರು ಎಂಬ ದಾಖಲೆ ಉಳಿಯಬೇಕು.

ಮೊದಲ ಗುಂಪಿನ ವಿಳಾಸ ಸಣ್ಣ ಸಂಗತಿಯಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಂತೆ ರಾತ್ರಿ 9.30ರ ನಂತರ ಮಹಿಳೆಯರನ್ನು ಅವರ ಒಪ್ಪಿಗೆಯಿಂದಷ್ಟೇ ಕೆಲಸಕ್ಕೆ ಇರಿಸಿಕೊಳ್ಳಬಹುದು, ಮನೆಯ ಬಾಗಿಲವರೆಗೆ ಬಿಡುವ ಏರ್ಪಾಡು ಮಾಡಬೇಕು. ಆ ಕ್ಯಾಬಿನ ಚಾಲಕನಿಗೆ ಹೋಗುವುದು ಪ್ರೊಫೈಲಿನಲ್ಲಿರುವ ವಿಳಾಸ. ಐರೋಲಿಯಿಂದ ದಿವಾಕ್ಕೆ ಮನೆ ಬದಲಿಸಿದ ಹುಡುಗಿಯ ಹೊಸ ವಿಳಾಸ ಮೂರು ವಾರ ಯಾರದೋ ಮೇಜಿನ ಮೇಲೆ ಕುಳಿತಿದ್ದರೆ, ಕಾಯ್ದೆ ಕೊಟ್ಟ ರಕ್ಷಣೆ ಅವಳ ಹಳೆಯ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಈಗ ನನ್ನ ಮನಸ್ಸಿನಲ್ಲಿ ಉಳಿದ ಒಂದು ಸಂಗತಿ ಹೇಳುತ್ತೇನೆ. ಈ ಕೆಲಸ ಶುರುವಾದಾಗ ಬೇರೆ ಬೇರೆ ವಿಭಾಗದವರ ಜೊತೆ ಕುಳಿತು "ನಿಮ್ಮ ಪುಟದಲ್ಲಿ ಏನು ತೊಂದರೆ?" ಎಂದು ಕೇಳುತ್ತಿದ್ದೆವು. ಹಿರಿಯ ಸಹೋದ್ಯೋಗಿಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು, ಉಳಿದವರು ಎದ್ದು ಹೋದ ಮೇಲೆ ನನ್ನೊಬ್ಬಳಿಗೇ ಹೇಳಿದರು. 2021ರಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ ಅವರ ಯಜಮಾನರು ತೀರಿಕೊಂಡಿದ್ದರು. ಪ್ರೊಫೈಲಿನಲ್ಲಿ ಮದುವೆಯ ದಿನಾಂಕದ ಒಂದು ಖಾನೆ ಇತ್ತು. ಪ್ರತಿವರ್ಷ ಆ ದಿನ ಬೆಳಿಗ್ಗೆ ಯಂತ್ರ ತಪ್ಪದೆ ಶುಭಾಶಯ ಕಳಿಸುತ್ತಿತ್ತು, ಹೂಗುಚ್ಛದ ಚಿತ್ರದ ಸಮೇತ. ವಿಭಾಗದವರಿಗೆಲ್ಲ ಅದರ ಪ್ರತಿ.

"ತೆಗೆಸಿಬಿಡಬಹುದಿತ್ತಲ್ಲ ಮೇಡಂ?" ಎಂದೆ.

"ತೆಗೆಸಬೇಕಾದರೆ ಎಚ್‌ಆರ್‌ಗೆ ಕಾರಣ ಬರೆಯಬೇಕಮ್ಮ. ಗುರುತು ಪರಿಚಯ ಇಲ್ಲದ ಯಾವುದೋ ಹುಡುಗನಿಗೆ ಅದನ್ನು ಬರೆದು, ಆತ ಸರ್ಟಿಫಿಕೇಟ್ ಕಳಿಸಿ ಅಂದರೆ? ಆ ದಿನ ರಜೆ ಹಾಕುತ್ತೇನೆ, ಅಷ್ಟೇ."

ಅವರ ಬದುಕಿನ ಒಂದು ದಿನಾಂಕ, ಅವರ ಹೆಸರಿನ ಪುಟದಲ್ಲಿದೆ, ಅದನ್ನು ಅಳಿಸುವ ಅಧಿಕಾರ ಅವರಿಗಿಲ್ಲ. ಯಾರೂ ಕೆಟ್ಟದ್ದು ಬಯಸಿದವರಲ್ಲ. ಖುಷಿಗೆಂದೇ ಮಾಡಿದ ಏರ್ಪಾಡು. ಆದರೆ ಖಾನೆ ಮಾಡಿದವರು ಮದುವೆ ಆಗುವುದನ್ನು ಮಾತ್ರ ನೆನೆದರು, ಮುಂದೆ ಏನೇನಾಗಬಹುದು ಎಂದು ನೆನೆಯಲಿಲ್ಲ.

ಹೊಸ ವ್ಯವಸ್ಥೆಯಲ್ಲಿ ಆ ಖಾನೆ ಮೊದಲಿಗೆ ಖಾಲಿ ಇರುತ್ತದೆ. ಬೇಕಾದವರು ತುಂಬಬಹುದು. ಬೇಡವಾದ ದಿನ ಅಳಿಸಬಹುದು. "ಕಾರಣ ತಿಳಿಸಿ" ಎಂಬ ಪೆಟ್ಟಿಗೆ ಅಲ್ಲಿಲ್ಲ. ಅದೇ ಧಾಟಿಯಲ್ಲಿ 'ಗಂಡ ಅಥವಾ ತಂದೆಯ ಹೆಸರು' ಎಂಬ ಕಡ್ಡಾಯ ಖಾನೆಯನ್ನೂ ತೆಗೆದೆವು. ಪ್ಯಾನ್ ಅರ್ಜಿಯಲ್ಲಿಯೇ 2018ರ ಡಿಸೆಂಬರಿನಿಂದ, ತಾಯಿಯೊಬ್ಬಳೇ ಪೋಷಕಳಾದ ಕಡೆ ತಂದೆಯ ಹೆಸರು ಕಡ್ಡಾಯವಲ್ಲ ಎಂದಾಗಿದೆ. ಕಂಪನಿಯ ಕ್ಯಾಂಟೀನ್ ಕಾರ್ಡಿಗೆ ಅದೇಕೆ ಬೇಕು? ಒಂದು ವಿವರ ಯಾವ ಕೆಲಸಕ್ಕೆ ಎಂದು ಹೇಳಲಾಗದಿದ್ದರೆ ಅದನ್ನು ಕೇಳಲೇಬಾರದು ಎಂಬುದು ನಮ್ಮ ತಂಡದ ನಿಯಮವಾಯಿತು.

ಯಾರು ನೋಡಬಹುದು ಎಂಬುದಕ್ಕೆ ನಮ್ಮ ಊರಿನ ಮನೆಗಳೇ ನನಗೆ ಮಾದರಿ. ಜಗಲಿಗೆ ಯಾರಾದರೂ ಬರಬಹುದು, ನಡುಮನೆಗೆ ಪರಿಚಯದವರು, ಒಳಕೋಣೆಗೆ ಮನೆಯವರು ಮಾತ್ರ. ಹೆಸರು, ವಿಭಾಗ, ಆಫೀಸಿನ ಫೋನ್ ಜಗಲಿಯಲ್ಲಿರಲಿ. ಸ್ವಂತ ಮೊಬೈಲ್ ನಂಬರ್ ನಡುಮನೆಯಲ್ಲಿ, ನಾವು ಒಪ್ಪಿದವರಿಗೆ. ಮನೆಯ ವಿಳಾಸ, ಆರೋಗ್ಯದ ವಿವರ ಒಳಕೋಣೆಯಲ್ಲಿ. ಇಡೀ ಕಂಪನಿಗೆ ಒಂದು ಹುಡುಗಿಯ ಮೊಬೈಲ್ ನಂಬರ್ ಕಾಣುವಂತಿದ್ದರೆ ರಾತ್ರಿ 11 ಗಂಟೆಗೆ "ಹಾಯ್" ಎಂಬ ಸಂದೇಶ ಬರಲು ತಡವಾಗುವುದಿಲ್ಲ ಎಂದು ಇಲ್ಲಿರುವ ತಂಗಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ತಾಂತ್ರಿಕ ಎಚ್ಚರವೂ ಬೇಕು. ಪರದೆಯ ಮೇಲೆ ಬಟನ್ ಕಾಣದಂತೆ ಮಾಡಿದರೆ ಬಾಗಿಲು ಮುಚ್ಚಿದಂತಾಗಲಿಲ್ಲ. ಮೇಲಿನ ವಿಳಾಸದ ಪಟ್ಟಿಯಲ್ಲಿ ನನ್ನ ಉದ್ಯೋಗಿ ಸಂಖ್ಯೆ ಅಳಿಸಿ ಇನ್ನೊಬ್ಬರ ಸಂಖ್ಯೆ ಹಾಕಿದರೆ ಅವರ ಪುಟ ತೆರೆದುಕೊಳ್ಳುವ ವ್ಯವಸ್ಥೆಗಳು ಎಷ್ಟೋ ಇವೆ. ಜಾಲತಾಣಗಳ ಭದ್ರತೆಯ ಬಗ್ಗೆ ಕೆಲಸ ಮಾಡುವ ಒವಾಸ್ಪ್ ಸಂಸ್ಥೆ 2021ರ ತನ್ನ ಹತ್ತು ಅಪಾಯಗಳ ಪಟ್ಟಿಯಲ್ಲಿ ಈ ಬಗೆಯ ದೋಷವನ್ನೇ ಮೊದಲನೆಯದಾಗಿ ಇಟ್ಟಿತು. ಪ್ರತಿ ಸಲವೂ, ಪ್ರತಿ ಖಾನೆಗೂ, ಕೇಳುತ್ತಿರುವವರು ಯಾರು ಎಂದು ಸರ್ವರ್ ವಿಚಾರಿಸಲೇಬೇಕು.

ಇನ್ನು ನಾಮಿನಿಯ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. 1952ರ ಭವಿಷ್ಯನಿಧಿ ಯೋಜನೆಯ ನಿಯಮದಂತೆ ಮದುವೆಗೆ ಮೊದಲು ಮಾಡಿದ ನಾಮಿನೇಶನ್ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಮಾಡಲೇಬೇಕು. 22ನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಅಮ್ಮನ ಹೆಸರು ಬರೆದು ಆಮೇಲೆ ಆ ಕಡೆ ತಿರುಗಿಯೂ ನೋಡದವರು ನಮ್ಮಲ್ಲಿ ಎಷ್ಟು ಮಂದಿ? ಕಂಪನಿಯ ಪ್ರೊಫೈಲಿನಲ್ಲಿ ಹೆಸರು ತಿದ್ದಿದ ಮಾತ್ರಕ್ಕೆ ಪಿಎಫ್ ಕಚೇರಿಯಲ್ಲಿ ತಿದ್ದಿದಂತಾಗುವುದಿಲ್ಲ. ಪಿಎಫ್, ಗ್ರಾಚ್ಯುಟಿ, ಗುಂಪು ವಿಮೆ ಒಂದೊಂದಕ್ಕೂ ನಾಮಿನಿ ಬೇರೆ ಬೇರೆ. ನಮ್ಮ ಪುಟದಲ್ಲಿ ವೈವಾಹಿಕ ಸ್ಥಿತಿ ಬದಲಿಸಿದ ಕೂಡಲೇ "ಇವು ಮೂರನ್ನೂ ನೋಡಿದಿರಾ?" ಎಂದು ನೆನಪಿಸುವ ಒಂದು ಸಾಲು ಸೇರಿಸಿದೆವು. ಇಡೀ ಕೆಲಸದಲ್ಲಿ ಹೆಚ್ಚು ಉಪಕಾರವಾದದ್ದು ಆ ಸಾಲಿನಿಂದಲೇ ಎಂದು ನನಗನ್ನಿಸುತ್ತದೆ.

ಸರಕಾರವೂ ಇದೇ ದಾರಿ ಹಿಡಿದಿದೆ. ಪಿಎಫ್ ಖಾತೆಯಲ್ಲಿ ಹೆಸರು, ಹುಟ್ಟಿದ ದಿನ ತಿದ್ದಲು ಹಿಂದೆ ಉದ್ಯೋಗದಾತರ ಒಪ್ಪಿಗೆ ಬೇಕಿತ್ತು. ಕಂಪನಿ ಬಾಗಿಲು ಹಾಕಿದ್ದರೆ ಆ ಸಹಿಗಾಗಿ ಅಲೆದಾಟ. 2025ರ ಜನವರಿಯಲ್ಲಿ ಪಿಎಫ್ ಸಂಸ್ಥೆ ಈ ಪದ್ಧತಿ ಸಡಿಲಿಸಿತು. 2017ರ ಅಕ್ಟೋಬರ್ 1ರ ನಂತರ ಯುಎಎನ್ ಪಡೆದು ಅದನ್ನು ಆಧಾರ್‌ನಿಂದ ದೃಢೀಕರಿಸಿಕೊಂಡವರು ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ವೈವಾಹಿಕ ಸ್ಥಿತಿ, ಸಂಗಾತಿಯ ಹೆಸರು ಮುಂತಾದವನ್ನು ತಾವೇ ತಿದ್ದಿಕೊಳ್ಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿಯೂ ತನ್ನ ಮಾಹಿತಿಯನ್ನು ತಿದ್ದಿಸುವುದನ್ನು, ಅಳಿಸುವುದನ್ನು ಹಕ್ಕು ಎಂದೇ ಬರೆದಿದ್ದಾರೆ.

ನಮ್ಮ ಕೆಲಸ ಮುಗಿದಿಲ್ಲ. ಕಾರ್ಖಾನೆಯ ಮಹಡಿಯಲ್ಲಿ ದುಡಿಯುವ, ಕಂಪನಿಯ ಇಮೇಲ್ ಇಲ್ಲದ ಗುತ್ತಿಗೆಯ ಹೆಣ್ಣುಮಕ್ಕಳಿಗೆ ಮೊಬೈಲಿನಲ್ಲಿ ಒಟಿಪಿ ಮೂಲಕ ಇದೇ ಪುಟ ತೆರೆಯುವ ಏರ್ಪಾಡು ಈಗ ನಡೆಯುತ್ತಿದೆ. ವಿಳಾಸ ಬದಲಾಗುವುದು, ತುರ್ತಿಗೆ ಯಾರಾದರೂ ಬೇಕಾಗುವುದು ಅವರಿಗೇ ಹೆಚ್ಚು.

ಕೊನೆಗೆ ಒಂದು ವಿನಂತಿ. ಈ ವಾರ ಬಿಡುವು ಮಾಡಿಕೊಂಡು ಮೂರು ಕೆಲಸ ಮಾಡಿ. ಆಧಾರ್, ಪ್ಯಾನ್, ಬ್ಯಾಂಕ್, ಪಿಎಫ್ ನಾಲ್ಕರಲ್ಲೂ ನಿಮ್ಮ ಹೆಸರು ಅಕ್ಷರಶಃ ಒಂದೇ ಇದೆಯೇ ನೋಡಿ. ನಾಮಿನಿ ಯಾರಿದ್ದಾರೆ ನೋಡಿ. ತುರ್ತು ಸಂಪರ್ಕದ ನಂಬರಿಗೆ ಒಮ್ಮೆ ಫೋನ್ ಮಾಡಿ, ಅದು ಈಗಲೂ ಆ ಕಡೆ ರಿಂಗಾಗುತ್ತದೆಯೇ ನೋಡಿ. ಕೆಲಸಕ್ಕೆ ಹೋಗದ ಅಕ್ಕಂದಿರೇ, ನಿಮ್ಮ ಮನೆಯವರ ಪಿಎಫ್‌ನಲ್ಲಿ ನಿಮ್ಮ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಇಂದು ಊಟಕ್ಕೆ ಕುಳಿತಾಗ ಕೇಳಿ. ಗೊತ್ತಾಗದಿದ್ದರೆ ನಮ್ಮ ಮಹಿಳಾ ವಿಭಾಗದ ಮುಂದಿನ ಸಭೆಗೆ ಫೋನ್ ತನ್ನಿ, ಒಟ್ಟಿಗೆ ಕುಳಿತು ನೋಡೋಣ. ಒಟಿಪಿ ಮಾತ್ರ ನನಗೂ ಹೇಳಬೇಡಿ!